ಪಾಯಿಂಟಿನ ಕಾಗದ

ಕೆಂಪಯ್ಯ ತನ್ನ ರಾಜದೂತ್ ಮೋಟಾರುಸೈಕಲ್ಲನ್ನು ಎಂದೂ ರಿಪೇರಿ ಅಂಗಡಿಗೆ ಬಿಟ್ಟವನಲ್ಲ. ಬೋರನಕಣಿವೆಯ ನಾಲೆಯ ಕೆಳಗಿದ್ದ ತೋಟಕ್ಕೆ ಹೋಗಿಬರಲು ಕೊಂಡ ಗಾಡಿ ಅದು. ಕಾರ್ಬುರೇಟರ್ ತೊಳೆಯುವುದು, ಚೈನು ಬಿಗಿಯುವುದು, ಪ್ಲಗ್ಗಿನ ಮಸಿ ಉಜ್ಜುವುದು ಎಲ್ಲವೂ ಕೊಬ್ಬರಿ ಅಟ್ಟದ ಕೆಳಗೆ, ಗೋಣಿತಾಟು ಹಾಸಿಕೊಂಡು.

ಒಂದು ಕೆಲಸವನ್ನು ಮಾತ್ರ ಇಬ್ಬರು ಕೂತು ಮಾಡುತ್ತಿದ್ದರು. ಇಂಜಿನ್ನಿನ ಪಕ್ಕದ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು. ತುಟಿಗಳಂತೆ ತೆರೆದು ಮುಚ್ಚುವ ಎರಡು ಲೋಹದ ಚೂರು. ಅವು ಬಾಯಿ ಬಿಡುವ ಗಳಿಗೆಗೆ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆ ಗಳಿಗೆ ಕಣ್ಣಿಗೆ ಕಾಣುವಂಥದಲ್ಲ. ನಡುವೆ ಸಿಗರೇಟು ಪ್ಯಾಕಿನ ತೆಳು ಕಾಗದ ಸಿಕ್ಕಿಸಿ ಕೆಂಪಯ್ಯ ಇಂಜಿನ್ನಿನ ಚಕ್ರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದ. ಹೆಂಡತಿ ಪುಟ್ಟಗೌರಮ್ಮ ಕಾಗದದ ತುದಿ ಹಿಡಿದು, ಪಾಯಿಂಟು ಬಾಯಿ ಬಿಟ್ಟು ಅದು ಸಡಿಲಾಗುವವರೆಗೆ ಮೆಲ್ಲಗೆ ಎಳೆಯುತ್ತಿದ್ದಳು. ಕಾಯಿ ಅಲ್ಲಾಡಿಸಿ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ ಕೈ ಅದು.

"ಬುಡ್ತು ಕಣ್ರೀ."

"ದಿಟವಾಗ್ಲೂ?"

"ನಂಬದಿದ್ರೆ ನೀವೇ ಹಿಡ್ಕಳಿ, ನಾನ್ ತಿರುಗಿಸ್ತೀನಿ."

ಅವನು ಅಲ್ಲಿಗೇ ತಿರುಪು ಬಿಗಿಯುತ್ತಿದ್ದ.

ಪುಟ್ಟಗೌರಮ್ಮ ಜ್ವರದಲ್ಲಿ ತೀರಿಕೊಂಡಳು. ಒಂದು ದೀಪಾವಳಿ ಕಳೆದು ಇನ್ನೊಂದು ಬಂದರೂ ಕೆಂಪಯ್ಯ ಆ ಮುಚ್ಚಳ ತೆರೆಯಲಿಲ್ಲ. ಅವಳ ಸೀರೆಗಳನ್ನು ಅವಳ ತಂಗಿ ಒಯ್ದಿದ್ದಳು. ಒಲೆಯ ಕಲ್ಲು ಅವನ ಅಡುಗೆಗೆ ಜಾಗ ಬದಲಿಸಿತ್ತು. ಅವಳ ಬೆರಳು ಗೊತ್ತುಮಾಡಿದ್ದು ಹಾಗೇ ಉಳಿದಿರುವುದು ಆ ಮುಚ್ಚಳದ ಒಳಗೊಂದೇ ಎಂದು ಅವನ ಎಣಿಕೆ. ತೆರೆದರೆ ಅದೂ ಹೋಯಿತು.

ಗಾಡಿ ಮಾತ್ರ ದಿನದಿನಕ್ಕೆ ಕೆಡುತ್ತ ಬಂತು. ಏರು ಬಂದರೆ ಕೆಮ್ಮಿ ನಿಲ್ಲುವುದು. ಕೆಂಪಯ್ಯ ಹೊಸ ಪ್ಲಗ್ಗು ಹಾಕಿದ, ಟ್ಯಾಂಕು ತೊಳೆದ, ತೊಳೆದದ್ದನ್ನೇ ಮತ್ತೆ ತೊಳೆದ.

"ಗಾಡಿ ಮ್ಯಾಲೆ ಕೂತಿದ್ಕಿಂತ ತಳ್ಳಿದ್ದೇ ಹೆಚ್ಚಾಯ್ತು ಕಣ್ಲಾ ನೀನು," ಎಂದ ಪಕ್ಕದ ತೋಟದ ಚಿಕ್ಕಣ್ಣ. "ಹುಳಿಯಾರಿನ ರಿಪೇರಿ ಅಂಗಡೀಲಿ ತೋರ್ಸಾಕೇನು ರೋಗ?"

"ಪರರ ಕೈ ಸೋಕಿದ್ರೆ ಕೆಡ್ತದೆ."

"ಇನ್ನೂ ಕೆಡಾಕೆ ಅದ್ರಾಗೆ ಏನೈತ್ಲಾ?"

ಕೊನೆಗೊಂದು ಸಂಜೆ ನಾಲೆಯ ಏರಿಯ ಮೇಲೆ ನಿಂತ ಗಾಡಿ ಮತ್ತೆ ಉಸಿರೆತ್ತಲಿಲ್ಲ. ಸಂತೆಯ ದಿನ ಚಿಕ್ಕಣ್ಣ ಅದನ್ನು ತನ್ನ ಎತ್ತಿನಗಾಡಿಗೆ ಹೇರಿ, ಕಾಯಿಚೀಲಗಳ ನಡುವೆ ಕಟ್ಟಿ, ಕೆಂಪಯ್ಯನನ್ನೂ ಕೂರಿಸಿಕೊಂಡು ಹುಳಿಯಾರಿಗೆ ಹೊರಟ.

ರಿಪೇರಿ ಅಂಗಡಿಯ ಅಂಜನಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡ.

"ಬ್ಯಾರೆ ಎಲ್ಲಾ ನೋಡಪ್ಪ," ಎಂದ ಕೆಂಪಯ್ಯ. "ಆ ಮುಚ್ಚಳಕ್ಕೆ ಮಾತ್ರ ಕೈ ಹಾಕ್ಬ್ಯಾಡ."

"ಹಲ್ಲುನೋವು ಅಂತ ಬಂದು ಬಾಯಿ ತೆಗೆಯಾಕಿಲ್ಲ ಅಂದ್ರೆ ಹೆಂಗಣ್ಣ?"

ಚಿಕ್ಕಣ್ಣ ನಕ್ಕ. ಕೆಂಪಯ್ಯ ರಸ್ತೆಯ ಕಡೆ ತಿರುಗಿ ನಿಂತ. ಮುಚ್ಚಳ ಬಿಚ್ಚಿದ ಸದ್ದು ಕೇಳಿಸಿತು.

"ಬನ್ನಿ, ನೋಡಿ ಇಲ್ಲಿ. ಪಾಯಿಂಟು ಸವೆದು ಎಂದೋ ಸರಿದೋಗೈತೆ. ಮೊದಲು ಮಾಡಿದ್ ಸೆಟ್ಟಿಂಗು ಒಂದ್ಚೂರೂ ಉಳಿದಿಲ್ಲ."

"ನಾನು ಮುಟ್ಟೇ ಇಲ್ವಲ್ಲ."

"ಮುಟ್ಟದಿದ್ರೇನು, ಓಡಿಸಿದೀರಲ್ಲ. ಓಡಿಸ್ತಾ ಓಡಿಸ್ತಾ ಸವೀತದೆ."

ಕೆಂಪಯ್ಯ ಬಗ್ಗಿ ನೋಡಿದ. ಒಳಗೆ ಕಪ್ಪುಗಟ್ಟಿದ ಎರಡು ಚೂರುಗಳಿದ್ದವು, ಅಷ್ಟೇ.

ಅಂಜನಪ್ಪ ಹೊಸ ಪಾಯಿಂಟು ಕೂರಿಸಿದ. ಕಾಗದ ಸಿಕ್ಕಿಸಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದರಲ್ಲಿ ಕಾಗದ ಎಳೆದ. ಯಾರನ್ನೂ ಕರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಹಚ್ಚಿದ ಬೀಡಿ ಮುಗಿಯುವುದರೊಳಗೆ ಕೆಲಸ ಮುಗಿದಿತ್ತು.

"ಇಷ್ಟೇ ಕಣಣ್ಣ. ಎಲ್ಲಾ ನೀವೇ ಮಾಡ್ಕಂತೀರಂತಲ್ಲ, ಇದೂ ಕಲ್ತ್ಕಳಿ. ಒಬ್ರೇ ಸಾಕು."

ಒಬ್ಬರೇ ಸಾಕೆಂದು ಕೆಂಪಯ್ಯನಿಗೆ ಗೊತ್ತಿತ್ತು, ಗಾಡಿ ಕೊಂಡ ವರ್ಷದಿಂದಲೂ. ಗೊತ್ತಿದ್ದೇ ಅಡುಗೆಮನೆಯ ಕಡೆ ತಿರುಗಿ ಅವಳನ್ನು ಕೂಗುತ್ತಿದ್ದ. ಅವಳಿಗೂ ಗೊತ್ತಿತ್ತೋ ಏನೋ, ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು.

"ಬ್ಯಾಡ ಕಣಪ್ಪ," ಎಂದ. "ಇನ್ಮ್ಯಾಕೆ ಇದಕ್ಕೆ ಇಲ್ಲಿಗೇ ತತ್ತೀನಿ."