ಓಂಕಾರೇಶನ ಒಂಟಿಗಾಲಿ, ಶಶಿಯ ಬಲಗೈ

ಅಜ್ಜಂಪುರದ ಸ್ಟೇಷನ್ ಕಡೆಯ ರಸ್ತೆಯಲ್ಲಿ ಓಂಕಾರೇಶನ ಸೈಕಲ್ ಶಾಪು ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ತೋರಿಸುವ ಮೊದಲು ಒಂದು ಸಲ ನಗುತ್ತಾರೆ. ಐವತ್ತಾರು ವರ್ಷದ ಗಂಡಸು, ಮೊಮ್ಮಗಳನ್ನು ಕಂಡವನು, ಸೀಟಿಲ್ಲದ, ಹ್ಯಾಂಡಲ್ಲಿಲ್ಲದ, ಕೊನೆಗೆ ಪೆಡಲೂ ಇಲ್ಲದ ಒಂದೇ ಒಂದು ಗಾಲಿಯ ಮೇಲೆ ನಿಂತು ಇಳಿಜಾರಿನಲ್ಲಿ ಹೋಗುತ್ತಾನೆ ಎಂದರೆ ನಗದೆ ಇನ್ನೇನು ಮಾಡಿಯಾರು? ನಗಲಿ ಪಾಪ. ಆ ಗಾಲಿ ಯಾತಕ್ಕೆ ಹುಟ್ಟಿತು ಎಂದು ಗೊತ್ತಿದ್ದರೆ ಇವರಲ್ಲಿ ಅರ್ಧ ಜನ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಅದು ಹುಟ್ಟಿದ್ದು ಅವನ ಹೆಂಡತಿ ಶಶಿಯ ಬಲಗೈಗಾಗಿ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ರೊಟ್ಟಿ ತಟ್ಟುತ್ತಿದ್ದ ಹಾಗೆಯೇ ಶಶಿಗೆ ಲಕ್ವ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಬಲಮೈ ಪೂರ್ತಿ ಬಿದ್ದುಹೋಯಿತು. ಶಿವಮೊಗ್ಗದಲ್ಲಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಮಾತು ಮರಳಿತು. ನಾಲ್ಕು ತಿಂಗಳಲ್ಲಿ ಕಾಲೂ ಮರಳಿತು. ಕೈ ಮಾತ್ರ ಇಟ್ಟ ಕಡೆ ಇರುತ್ತಿತ್ತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಬೇಕು, ಇಲ್ಲದಿದ್ದರೆ ಕೈ ಆಸೆ ಬಿಟ್ಟುಬಿಡಿ ಎಂದಿದ್ದರು. ಶಶಿ ಎರಡು ದಿನ ಹಿಸುಕಿದಳು. ಮೂರನೆಯ ದಿನ ಎಡಗೈಯಲ್ಲಿ ಅದನ್ನು ಎತ್ತಿ ಅಟ್ಟದ ಮೇಲೆ ಎಸೆದಳು.

"ಚೆಂಡು ಹಿಡ್ಕಂಡು ಕೂರಾಕೆ ನಾನೇನು ಕೂಸೇನ್ರೀ? ಹೋಗಿದ್ದು ಹೋಯ್ತು."

ಓಂಕಾರೇಶ ಬೇಡಿದ, ಗದರಿದ, ಒಂದು ಹೊತ್ತು ಊಟವನ್ನೂ ಬಿಟ್ಟು ನೋಡಿದ. ಹಟದಲ್ಲಿ ಶಶಿ ಅವನಿಗಿಂತ ಒಂದು ಕೈ ಮೇಲು. ಮೂವತ್ತೊಂದು ವರ್ಷದಲ್ಲಿ ಅವಳಿಂದ ಒಂದು ಮಾತನ್ನೂ ಗೆದ್ದವನಲ್ಲ ಅವನು.

ಆ ದಿನಗಳಲ್ಲೇ ಮಗಳು ಅನುಪಮಾ ಪಂಚನಹಳ್ಳಿಯಿಂದ ಅಮ್ಮನನ್ನು ನೋಡಲು ಬಂದಿದ್ದಳು. ಅಪ್ಪನ ಮುಖ ನೋಡಲಾರದೆ ಮೊಬೈಲಿನಲ್ಲಿ ಏನೋ ಒಂದು ವಿಡಿಯೋ ಹಾಕಿ ಕೈಗೆ ಕೊಟ್ಟಳು. ಯಾವುದೋ ದೇಶದವನೊಬ್ಬ ಪೆಡಲಿಲ್ಲದ ಒಂಟಿಗಾಲಿಯ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದ. ಇನ್ನೊಬ್ಬ ಪಕ್ಕದಲ್ಲಿ ಅವನ ಕೈ ಹಿಡಿದು ನಡೆಯುತ್ತಿದ್ದ. ಓಂಕಾರೇಶ ಅದನ್ನು ಮೂರು ಸಲ ನೋಡಿದ. ಗಾಲಿಯನ್ನಲ್ಲ, ಪಕ್ಕದವನ ಬೆರಳುಗಳನ್ನು. ಗಾಲಿಯವನು ಓಲಾಡಿದಾಗೆಲ್ಲ ಆ ಬೆರಳುಗಳು ಯಾರೂ ಹೇಳದೆ ತಾವಾಗಿ ಬಿಗಿಯುತ್ತಿದ್ದವು.

ಮಾರನೆಯ ದಿನ ಶಾಪಿನ ಮೂಲೆಯಲ್ಲಿದ್ದ ಹಳೆಯ ಸೈಕಲ್ಲೊಂದರ ಮುಂದಿನ ಗಾಲಿ ಬಿಚ್ಚಿದ. ಅಚ್ಚಿನ ಎರಡೂ ಕಡೆಗೆ ಪಾದ ಇಡುವಷ್ಟು ಕಬ್ಬಿಣದ ಹಲಗೆ ಬೆಸೆದ. ಹತ್ತಿ ನಿಂತ ಕೂಡಲೇ ಹಲಗೆ ಮಗುಚಿ, ಗಾಲಿಯ ಕಡ್ಡಿಗಳು ಅವನ ಮೊಣಕಾಲಿನ ಕೆಳಗಿನ ಚರ್ಮ ಸುಲಿದವು. ಎರಡನೆಯ ಸಲ ಬುದ್ಧಿ ಬಂತು. ಕೆಟ್ಟ ಫ್ಯಾನಿನ ಬೇರಿಂಗು ಹಾಕಿ ಹಲಗೆಗಳನ್ನು ಅಚ್ಚಿನಿಂದ ನಾಲ್ಕು ಬೆರಳು ಕೆಳಗೆ ತೂಗುಬಿಟ್ಟ. ಕಡ್ಡಿಗಳಿಗೆ ಎಣ್ಣೆಡಬ್ಬದ ತಗಡು ಹೊದಿಸಿದ. ಈ ಗಾಲಿಯನ್ನು ತುಳಿಯುವಂತಿಲ್ಲ, ರಸ್ತೆಯ ಇಳಿಜಾರು ಒಯ್ದಷ್ಟು ದೂರ ಹೋಗಬೇಕು. ಬ್ರೇಕೂ ಇಲ್ಲ, ನಿಲ್ಲಬೇಕೆಂದರೆ ಹಾರಿಕೊಳ್ಳಬೇಕು.

"ಲೇ ಓಂಕಾರಿ, ಇನ್ನೊಂದು ಗಾಲಿ ಎಲ್ಲಿ ಕಳ್ಕಂಡ್ಯೋ?" ಎಂದು ಎದುರಿನ ಕೊಬ್ಬರಿ ಮಂಡಿಯ ರೇಣುಕಪ್ರಸಾದ್ ಕೂಗಿದ. ಇಬ್ಬರೂ ಒಂದೇ ಶಾಲೆಯ ಬೆಂಚಿನವರು. ಅವನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಸಂಜೆ ಓಂಕಾರೇಶ ಮನೆಗೆ ಬಂದು ಹೆಂಡತಿಯ ಮುಂದೆ ನಿಂತ.

"ಶಶಿ, ಇದ್ನ ಕಲೀಬೇಕು ಕಣೇ ನಾನು. ಒಬ್ರು ಕೈ ಹಿಡ್ಕಬೇಕು. ಬಿದ್ರೆ ಸೊಂಟ ಮುರೀತೈತೆ."

"ನಿಮ್ಗೆ ತಲೆ ಕೆಟ್ಟೈತೆ," ಎಂದಳು ಶಶಿ. ಆಮೇಲೆ, ಗಂಡ ಒಬ್ಬನೇ ಹೋಗಿ ಬೀಳುವುದು ಖಂಡಿತ ಎನ್ನಿಸಿರಬೇಕು, "ಎಡಗೈ ಕೊಡ್ತೀನಿ, ನಡೀರಿ," ಎಂದಳು.

"ನನ್ನ ಬಲಕ್ಕೆ ಚರಂಡಿ ಐತೆ, ನೀನು ಎಲ್ಲಿ ನಡೀತೀಯ? ಎಡಕ್ಕೆ ಬಾ. ಬಲಗೈನೇ ಕೊಡು."

ಆ ಊರಿನಲ್ಲಿ ಗಂಡ ಹೆಂಡತಿ ಬೀದಿಯಲ್ಲಿ ಕೈ ಹಿಡಿದು ನಡೆಯುವುದುಂಟೆ? ಧಾರೆಯ ದಿನ ಹಿಡಿದದ್ದೇ ಕೊನೆ. ಶಶಿ ಎರಡೂ ಕೈಗಳ ಮೇಲೆ ಸೆರಗು ಮುಚ್ಚಿ, ತಲೆ ತಗ್ಗಿಸಿ ನಡೆದಳು. ಅವಳ ಬೆರಳುಗಳು ಅವನ ಅಂಗೈಯಲ್ಲಿ ಒದ್ದೆ ಬಟ್ಟೆಯಂತೆ ಬಿದ್ದಿದ್ದವು. ಮೊದಲ ವಾರ ಓಂಕಾರೇಶ ನಿಜವಾಗಿಯೇ ಬಿದ್ದ, ಹನ್ನೊಂದು ಸಲ. ಒಂಬತ್ತನೆಯ ದಿನ ಅವನು ಎಡಕ್ಕೆ ವಾಲಿದಾಗ ಅವಳ ಕಿರುಬೆರಳು ಮಡಿಚಿಕೊಂಡು ಅವನ ಕೈಯನ್ನು ಹಿಡಿಯಿತು. ಅವನಿಗೆ ಅಲ್ಲೇ ಅಳು ಬಂತು. ಆದರೆ ಹೇಳಲಿಲ್ಲ. ಹೇಳಿದ್ದರೆ ಇದೂ ಚೆಂಡಿನ ಜೊತೆ ಅಟ್ಟ ಸೇರುತ್ತಿತ್ತು.

ಶಶಿಗೆ ಮಾತಿನ ಮಡಿ ಬಹಳ. ಬಳೆ ಒಡೆದರೆ 'ಹೆಚ್ಚಿತು' ಎನ್ನಬೇಕು. ಶಾಪಿಗೆ ಹೊರಟ ಗಂಡ 'ಹೋಗ್ತೀನಿ' ಎಂದರೆ ಒಳಗೆ ಕರೆದು ಕೂರಿಸಿ, 'ಬತ್ತೀನಿ' ಎನ್ನಿಸಿ ಕಳಿಸುವಳು. ಅಂಥವಳ ಮುಂದೆ ಅವನು ಮೊದಲ ದಿನವೇ, ಇಳಿಯುವ ಗಾಬರಿಯಲ್ಲಿ, "ಕೈ ಬಿಡೇ!" ಎಂದುಬಿಟ್ಟ. ಅವಳು ನಿಂತಲ್ಲೇ ನಿಂತಳು.

"ಕಟ್ಕಂಡೋಳಿಗೆ ಕೈ ಬಿಡು ಅಂತಾರೇನ್ರೀ? ಬಿಡ್ಬೇಕಾದ್ರೆ 'ಸಾಕು' ಅನ್ನಿ. ನಂಗೆ ತಿಳೀತದೆ."

ಅಂದಿನಿಂದ 'ಸಾಕು' ಅವರಿಬ್ಬರ ಮಾತಾಯಿತು. ಅವನು ಸಾಕು ಎಂದರೆ ಅವಳ ಕೈ ಸಡಿಲ, ಅವನು ನೆಲಕ್ಕೆ.

ಎರಡನೆಯ ತಿಂಗಳಲ್ಲಿ ಓಂಕಾರೇಶನಿಗೆ ಗಾಲಿ ಬಂದುಬಿಟ್ಟಿತು. ಬಂದದ್ದನ್ನು ಬಚ್ಚಿಟ್ಟ. ಬೇಕೆಂದೇ ಓಲಾಡಿದ, ಬೇಕೆಂದೇ ಎಡಕ್ಕೆ ವಾಲಿದ, ವಾಲಿದಷ್ಟೂ ಅವಳ ಹಿಡಿತ ಬಿಗಿಯಿತು. ಅಂಥ ಸುಳ್ಳಿಗೆ ಯಾವ ದೇವರ ಶಾಪವೂ ತಟ್ಟದು. ಯುಗಾದಿಗೆ ಶಶಿ ಬಲಗೈಯಲ್ಲಿ ಲೋಟ ಎತ್ತಿದಳು. ಜ್ಯೇಷ್ಠದ ಹೊತ್ತಿಗೆ, ಅಂಚು ಹರಿದ, ಒಂದು ಕಡೆ ದಪ್ಪವಾದ ರೊಟ್ಟಿಯೊಂದನ್ನು ತಟ್ಟಿ ಅವನ ತಟ್ಟೆಗೆ ಹಾಕಿದಳು. ಅದಕ್ಕಿಂತ ರುಚಿಯ ರೊಟ್ಟಿಯನ್ನು ಅವನು ಉಂಡಿಲ್ಲ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗಂಡಸಿನ ಜಂಬ ಸುಟ್ಟರೂ ಹೋಗುವುದಿಲ್ಲ. ಒಂದು ಸಂಜೆ ಮಂಡಿಯ ಮುಂದೆ ಹತ್ತು ಜನ ಕೂತಿದ್ದರು. ರೇಣುಕಪ್ರಸಾದ್ ಎಲ್ಲರಿಗೂ ಕೇಳುವಂತೆ ಅಂದ: "ಆರು ತಿಂಗಳಾಯ್ತು ಕಣೋ, ಇನ್ನೂ ಹೆಂಡ್ತಿ ಸೆರಗು ಹಿಡ್ಕಂಡೇ ಹೋಗ್ತೀಯಲ್ಲೋ!"

ಎಲ್ಲರೂ ನಕ್ಕರು. ಓಂಕಾರೇಶನಿಗೆ ರೇಗಿತು.

"ಬಿಡೇ," ಎಂದ. ಅವಳು ತಿಳಿಯದೆ ಇನ್ನೂ ಬಿಗಿಯಾಗಿ ಹಿಡಿದಳು. "ಕೈ ಬಿಡು ಅಂದ್ನಲ್ಲ!" ಎಂದು ಕಿರುಚಿದ.

ಅವಳು ಬಿಟ್ಟಳು. ಅವನು ನೆಟ್ಟಗೆ, ಒಂದಿಷ್ಟೂ ಅಲುಗದೆ, ಇಳಿಜಾರಿನ ಕೊನೆಯವರೆಗೆ ಹೋದ. ಜನ ಸಿಳ್ಳೆ ಹಾಕಿದರು. ಗಾಲಿಯನ್ನು ಹೆಗಲ ಮೇಲೆ ಹೊತ್ತು ಹಿಂದಿರುಗಿ ನೋಡಿದರೆ ಶಶಿ ಅಲ್ಲಿರಲಿಲ್ಲ.

ಮನೆಯಲ್ಲಿ ಅವಳು ಸೊಪ್ಪು ಸೋಸುತ್ತಿದ್ದಳು, ಬಲಗೈಯಲ್ಲಿ.

"ಯಾವಾಗಿಂದ ಬತ್ತಿತ್ತು ಗಾಲಿ?" ಎಂದಳು.

"ಯುಗಾದಿಗೆ ಮುಂಚಿಂದ."

ಶಶಿ ನಕ್ಕಳು. ತನ್ನ ಬೆರಳುಗಳನ್ನೊಮ್ಮೆ ಮಡಿಸಿ, ಬಿಚ್ಚಿ ನೋಡಿಕೊಂಡಳು. ಎಲ್ಲ ತಿಳಿಯಿತು ಅವಳಿಗೆ. "ಒಳ್ಳೇ ಕಳ್ಳ ನೀವು," ಎಂದಳು. ಮತ್ತೆ ಸೊಪ್ಪಿಗೆ ಕೈ ಹಾಕುತ್ತಾ, "ಆ ಮಾತೊಂದು ಅನ್ಬಾರ್ದಿತ್ತು ಕಣ್ರೀ," ಎಂದಳು. ಮಾರನೆಯ ದಿನ ಕರೆದಾಗ, "ಬತ್ತೈತಲ್ಲ, ನಾನ್ಯಾಕೆ ಇನ್ನು?" ಎಂದು ಉಳಿದುಕೊಂಡಳು. ಆಮೇಲೆ ಬರಲೇ ಇಲ್ಲ.

ಇಪ್ಪತ್ತೆರಡನೆಯ ದಿನ ಎರಡನೆಯ ಸಲ ಲಕ್ವ ಹೊಡೆಯಿತು.

ಬಿಪಿ ಏರಿತ್ತು, ತಲೆಯೊಳಗೆ ರಕ್ತ ಒಸರಿತ್ತು ಎಂದು ಡಾಕ್ಟರು ವಿವರಿಸಿದರು. ಒಂದು ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಓಂಕಾರೇಶನಿಗೂ ಗೊತ್ತು. ಗೊತ್ತಿದ್ದು ಏನು ಬಂತು? ಮೂರು ದಿನ ಅವನು ಅವಳ ಬಲಗೈ ಹಿಡಿದು ಮಂಚದ ಪಕ್ಕ ಕೂತ. ಮೂರನೆಯ ಮಧ್ಯಾಹ್ನ ನರ್ಸಮ್ಮ ಚಮಚದಲ್ಲಿ ಗಂಜಿ ಹಾಕುತ್ತಿದ್ದಾಗ ಶಶಿಯ ತುಟಿ ಅಲುಗಿತು.

"ಸಾಕು."

"ಗಂಜಿ ಸಾಕಂತೆ," ಎಂದು ನರ್ಸಮ್ಮ ಬಟ್ಟಲು ತೆಗೆದುಕೊಂಡು ಹೋದರು.

ಓಂಕಾರೇಶನಿಗೆ ಗೊತ್ತಾಯಿತು, ಅದು ಯಾವ ಸಾಕು ಎಂದು. ರಸ್ತೆಯಲ್ಲಿ ಅವನು ಹಾಗೆಂದಾಗ ಅವಳು ಒಂದು ಗಳಿಗೆಯೂ ತಡಮಾಡಿದವಳಲ್ಲ. ಅವನು ತಡಮಾಡಿದ. "ಇನ್ನೊಂಚೂರು ದೂರ ಕಣೇ, ಇಳಿಜಾರು ಮುಗೀಲಿ," ಎಂದು ಅವಳ ಕಿವಿಯ ಹತ್ತಿರ ಬಾಗಿ ಗೋಗರೆದ. ಆರು ತಿಂಗಳ ಸುಳ್ಳಿನಿಂದ ಅವನು ಮರಳಿ ತಂದಿದ್ದ ಬೆರಳುಗಳು ಅವನ ಕೈಯನ್ನು ಒಮ್ಮೆ ಒತ್ತಿದವು.

"ಸಾಕು," ಎಂದಳು ಮತ್ತೆ.

ಆಗ ಅವನು ಏನು ಮಾಡಿದ ಎಂಬುದಕ್ಕೆ ಕನ್ನಡದಲ್ಲಿ ಎರಡೇ ಪದದ ಮಾತಿದೆ. ಶಶಿಗೆ ಆಗದ ಮಾತು, ನಾನೂ ಆಡುವುದಿಲ್ಲ. ಅವಳು ಸಾಕು ಎಂದಳು, ಅವನು ಕೇಳಿದ, ಅಷ್ಟೆ.

ಈಗಲೂ ಸಂಜೆ ಅವನು ಗಾಲಿ ಹತ್ತುತ್ತಾನೆ. ಬಲಗೈಯನ್ನು ಭುಜದ ಎತ್ತರಕ್ಕೆ ಚಾಚುತ್ತಾನೆ. ಎಡಗೈ ಮಾತ್ರ ಕೆಳಗೆ, ಕುಳ್ಳಗಿನ ಹೆಂಗಸೊಬ್ಬಳಿಗೆ ಎಟುಕುವಷ್ಟರಲ್ಲಿ ಇರುತ್ತದೆ. "ಎಡಗೈ ಎತ್ತೋ ಓಂಕಾರಿ, ಬೀಳ್ತೀಯ," ಎಂದು ರೇಣುಕಪ್ರಸಾದ್ ಒಂದೆರಡು ಸಲ ಹೇಳಿ ಸುಮ್ಮನಾದ. ಅವನಿಗೂ ಈಗ ನಗು ಬರುವುದಿಲ್ಲ. ಇಳಿಜಾರು ಮುಗಿಯುವಲ್ಲಿ ಓಂಕಾರೇಶ ಎಡಕ್ಕೆ ತಿರುಗಿ, ಮೆಲ್ಲಗೆ, "ಸಾಕು," ಎಂದು ಹೇಳಿಯೇ ಕೆಳಗೆ ಹಾರಿಕೊಳ್ಳುತ್ತಾನೆ.