ಗಾಳಿಯಿಂದ ಹಿಂಡಿದ ನೀರು

ಕಾರಿಗೆ ಬಣ್ಣ ಹೊಡೆಯುವ ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಗಾಳಿಯಣ್ಣ ಎನ್ನುತ್ತಿದ್ದರು. ಗಾಳಿಯನ್ನು ಒತ್ತಿ ತುಂಬುವಾಗ ಅದರ ತೇವವೆಲ್ಲ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಬೆಳಿಗ್ಗೆ ಬಂದವನೇ ವಾಲ್ವ್ ತಿರುಗಿಸಿ ಅದನ್ನು ಹೊರಬಿಡಬೇಕು. ಯಂತ್ರದ ಎಣ್ಣೆ ಬೆರೆತಿರುತ್ತದೆ, ಮೂಲೆಯ ಡ್ರಮ್ಮಿಗೇ ಸುರಿ, ಹಳೆ ಎಣ್ಣೆ ಕೊಳ್ಳುವವರು ಒಯ್ಯುತ್ತಾರೆ ಎಂದು ಸೂಪರ್‌ವೈಸರ್ ಹೇಳಿದ್ದರು. ತುಂಬಿದ ಡ್ರಮ್ಮನ್ನು ಗೇಟಿನತನಕ ಉರುಳಿಸುವವನು ತಾನೇ ತಾನೆ! ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ನೀರನ್ನು ಚರಂಡಿಗೆ ಬಿಟ್ಟ.

ಅವನ ಅಕ್ಕನದು ಇಸ್ತ್ರಿ ಅಂಗಡಿ. ನರ್ಸುಗಳ ಹಾಸ್ಟೆಲಿನ ಬಿಳಿ ಕೋಟುಗಳಿಂದಲೇ ಅವಳ ಒಲೆ ಉರಿಯುತ್ತಿತ್ತು. ನಲ್ಲಿಯ ಗಡಸು ನೀರಿಗೆ ಹಬೆ ಇಸ್ತ್ರಿಪೆಟ್ಟಿಗೆಯ ತೂತುಗಳು ಕಟ್ಟಿಕೊಳ್ಳುತ್ತವೆಂದು ಅವಳು ಗೊಣಗಿದಾಗ ಗಾಳಿಯಣ್ಣನ ತಲೆ ಓಡಿತು. ಕಂಪ್ರೆಸರಿನಿಂದ ಬಂದ, ಹಾಲಿನಂತಿದ್ದ ನೀರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ, ಕ್ಯಾನಿನಲ್ಲಿ ತಂದುಕೊಟ್ಟ.

“ಗಾಳಿಯಿಂದ ಹಿಂಡಿದ ನೀರು ಕಣಕ್ಕ. ಚೂರೂ ಸುಣ್ಣ ಇರಲ್ಲ.”

“ಅಬ್ಬಬ್ಬಾ, ವಿಜ್ಞಾನಿ ಆಗ್ಬಿಟ್ಯಲ್ಲೋ!” ಅಕ್ಕ ನಕ್ಕಳು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ತಮ್ಮನ ನೀರಿನದೇ ಮಾತು.

ಅವನು ಮತ್ತೊಂದು ಕ್ಯಾನ್ ತಂದ ಮಧ್ಯಾಹ್ನ, ಹಾಸ್ಟೆಲಿನ ದೊಡ್ಡ ಸಿಸ್ಟರ್ ಮೇಜಿನ ಮೇಲೆ ಕೋಟೊಂದನ್ನು ಹರಡಿ ನಿಂತಿದ್ದರು. ಎದೆಯುದ್ದಕ್ಕೂ ಹಳದಿ ಕಲೆ.

“ಇದನ್ನ ಹಾಕ್ಕೊಂಡು ವಾರ್ಡಿಗೆ ಹೋಗೋಕಾಗುತ್ತೇನಮ್ಮಾ? ಕೊಳೆ ಕೈಯಲ್ಲಿ ಮುಟ್ಟಿದ್ಯಾ?”

“ಅಯ್ಯೋ ಇಲ್ಲ ಸಿಸ್ಟರ್! ನೀರೂ ಚೊಕ್ಕ. ನನ್ನ ತಮ್ಮನೇ ತರೋದು, ಕೇಳಿ ನೋಡಿ.”

ಇಬ್ಬರೂ ಅವನತ್ತ ತಿರುಗಿದರು. ಗಾಳಿಯಣ್ಣ ಕ್ಯಾನನ್ನು ಕಾಲ ಹಿಂದೆ ಸರಿಸಿದ. “ಸೋಪು ಸರಿಯಾಗಿ ಹೋಗಿರಲ್ಲ, ಸಿಸ್ಟರ್,” ಎಂದ.

“ಹೌದಾ? ಮೂಸಿ ನೋಡು.”

ಅವನಿಗೆ ಮೂಸುವ ಅಗತ್ಯವಿರಲಿಲ್ಲ. ಅಕ್ಕನೇ ಕೋಟನ್ನು ಮೂಗಿಗೆ ಹಿಡಿದಳು. ಆಮೇಲೆ ನಿಧಾನವಾಗಿ ಅವನ ಅಂಗಿಯತ್ತ ನೋಡಿದಳು. ಅದೇ ಎಣ್ಣೆಯ ವಾಸನೆ.

“ತಪ್ಪು ನಂದೇ, ಸಿಸ್ಟರ್,” ಎಂದ ಅವನು. “ಎಣ್ಣೆ ಇರುತ್ತೆ ಅಂತ ಹೇಳಿದ್ರು. ಅಕ್ಕಂಗೆ ಗೊತ್ತಿಲ್ಲ.”

ಸಿಸ್ಟರ್ ಇನ್ನೂ ಇಸ್ತ್ರಿಯಾಗದ ಕೋಟುಗಳನ್ನೂ ಗಂಟು ಕಟ್ಟಿಕೊಂಡು ಹೊರಟುಹೋದರು.

“ನಿಂಗೆ ಗೊತ್ತಿತ್ತಾ?” ಅಕ್ಕ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

“ಊರೆಲ್ಲ ನಿನ್ನ ಹೆಸರು ಹೇಳ್ಕೊಂಡು ಮೆರೆದೆನಲ್ಲೋ.”

ಬೈದಿದ್ದರೆ ಚೆನ್ನಾಗಿತ್ತು. ಅವನು ಕ್ಯಾನ್ ಎತ್ತಿಕೊಂಡು ಬೀದಿಗಿಳಿದ. ರೂಢಿಯಂತೆ ಕೈ ಚರಂಡಿಯತ್ತ ಬಾಗಿತು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಣ್ಣು ಬೆನ್ನಿಗೆ ಚುಚ್ಚಿದಂತಾಗಿ ನೆಟ್ಟಗಾದ. ವರ್ಕ್‌ಶಾಪಿನತನಕ ಹೊತ್ತುಕೊಂಡೇ ಹೋಗಿ ಡ್ರಮ್ಮಿಗೆ ಸುರಿದ.

“ಏನ್ ಗಾಳಿಯಣ್ಣಾ, ಇವತ್ತು ಡ್ರಮ್ ಕಣ್ಣಿಗೆ ಬಿತ್ತಾ?” ಸೂಪರ್‌ವೈಸರ್ ಕೂಗಿದರು.

ಎಲ್ಲರೂ ನಕ್ಕರು. ಅವನು ತಲೆಯೆತ್ತಲಿಲ್ಲ.