ಗಿರಿಯಮ್ಮನ ಸೈಟು ದಾಟಿದ ದಾರಿ

ದಢೇಸುಗೂರಿನ ಸುತ್ತ ಭತ್ತದ ನಾಟಿಗೆ ಹೆಣ್ಣಾಳು ಬೇಕೆಂದರೆ ಮೊದಲ ಫೋನು ಗಿರಿಯಮ್ಮನಿಗೇ ಬರುತ್ತದೆ. ಹದಿನಾರು ಹೆಂಗಸರ ತಂಡ ಅವಳದು. ಮೂವತ್ತು ವರ್ಷ ಕೆಸರಿನಲ್ಲಿ ಬಗ್ಗಿ ದುಡಿದು ಸಿಂಧನೂರಿನಲ್ಲಿ ಒಂದು ಸೈಟು ಮಾಡಿದ್ದಳು. ಅದು ನಾಗವೇಣಿಯ ಹೆಸರಿಗೆ ಆಗಲೇಬೇಕೆಂದು ಈ ಬೇಸಿಗೆಯಲ್ಲಿ ಹಟ ಹಿಡಿದಳು.

ನಾಗವೇಣಿ ಅವಳು ಹೆತ್ತ ಮಗಳಲ್ಲ, ಮಸ್ಕಿಯ ತಮ್ಮ ಗ್ಯಾನಪ್ಪನ ಮಗಳು. ತಾಯಿ ಹಾಸಿಗೆ ಹಿಡಿದಾಗ ಎಂಟು ತಿಂಗಳ ಕೂಸನ್ನು ಗಿರಿಯಮ್ಮ ಎತ್ತಿಕೊಂಡು ಬಂದಿದ್ದಳು. ಅವಳು ಮರಳಿ ಕೊಡಲಿಲ್ಲ, ಅವರೂ ಕೇಳಲಿಲ್ಲ. ದತ್ತಕದ ಕಾಗದ ಮಾಡಿಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ನಾಗವೇಣಿ ಅವಳನ್ನು ಅವ್ವ ಎಂದಳು, ಊರೂ ಹಾಗೇ ನಂಬಿತು.

ನಂಬದಿದ್ದುದು ಆಧಾರ್ ಕಾರ್ಡು ಒಂದೇ. ಬಾಂಡ್ ರೈಟರ್ ಮೈಲಾರಲಿಂಗಪ್ಪ ಅದರಲ್ಲಿ ತಂದೆಯ ಹೆಸರು ನೋಡಿ ಪೆನ್ನು ಕೆಳಗಿಟ್ಟರು. ಮಗಳಿಗೋ ತಮ್ಮನಿಗೋ ದಾನ ಕೊಟ್ಟರೆ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ತಮ್ಮನ ಮಗಳಿಗೆ ಆ ರಿಯಾಯಿತಿ ಇಲ್ಲ, ಮುದ್ರಾಂಕ ಶುಲ್ಕವೇ ಲಕ್ಷದ ಹತ್ತಿರ ಹೋಗುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, ಮಗಳು ಅಂತಲೇ ಬರೆದುಬಿಡಲೇ ಎಂದೂ ಕೇಳಿದರು.

ಗಿರಿಯಮ್ಮ ತಲೆ ಅಲ್ಲಾಡಿಸಿದಳು. "ನಾ ಸತ್ತ ಮ್ಯಾಗ ಯಾರರ ಈ ಕಾಗದ ಹಿಡಕೊಂಡು ಕೋರ್ಟಿಗೆ ಹೋದ್ರ, ನನ್ನ ಮಗಳು ಸುಳ್ಳಾಕ್ಕಾಳ. ಬ್ಯಾರೆ ದಾರಿ ಹೇಳ್ರಿ."

ಬೇರೆ ದಾರಿ ಇತ್ತು. ಅಕ್ಕ ತಮ್ಮನಿಗೆ ಕೊಡುವುದು, ತಮ್ಮ ತನ್ನ ಮಗಳಿಗೆ ಕೊಡುವುದು. ಎರಡು ಪತ್ರ, ಎರಡಕ್ಕೂ ರಿಯಾಯಿತಿ. ಒಂದೇ ದಿನ ಎರಡೂ ಮುಗಿಸಿ ಬರಬಹುದೆಂದು ಗಿರಿಯಮ್ಮ ತಿಳಿದಿದ್ದಳು. ಮೊದಲ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೆ ಗೊತ್ತಾಯಿತು: ನಗರಸಭೆಯ ಖಾತೆ ಗ್ಯಾನಪ್ಪನ ಹೆಸರಿಗೆ ಬರುವವರೆಗೆ ಎರಡನೆಯದು ಆಗುವುದಿಲ್ಲ.

ಅದಕ್ಕೆ ನಲವತ್ತು ದಿನ ಹಿಡಿಯಿತು. ಅಷ್ಟು ದಿನ ಕಾಗದದ ಪ್ರಕಾರ ಸೈಟು ಗ್ಯಾನಪ್ಪನದೇ.

ಐದು ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಾಗವೇಣಿ ದಿನಾ ಅದೇ ಲೆಕ್ಕ ಹಾಕಿದಳು. ಅವ್ವನ ಬೆನ್ನು ಬಾಗಿದ್ದೇ ಆ ಜಾಗಕ್ಕಾಗಿ. ಅದು ಕೈ ತಪ್ಪಿದರೆ? ಗ್ಯಾನಪ್ಪನಿಂದ ಒಂದು ಮುಚ್ಚಳಿಕೆಯಾದರೂ ಬರೆಸಿಕೊಳ್ಳೋಣ ಎಂದಳು.

ಗಿರಿಯಮ್ಮ ಸಸಿ ಕಟ್ಟುವ ದಾರ ಸುತ್ತುತ್ತಿದ್ದಳು. "ನಿನ್ನ ಎತಗೊಂಡು ಬಂದಾಗ ಅವ ನನ್ನ ಕಡಿಂದ ಏನರ ಬರಸ್ಕೊಂಡಿದ್ನೇನ?"

ನಾಗವೇಣಿ ಮುಚ್ಚಳಿಕೆಯ ಮಾತು ಬಿಟ್ಟಳು. ಆದರೆ ಮೂವತ್ತನೆಯ ದಿನ ಲಿಂಗಸುಗೂರಿನಿಂದ ಗ್ಯಾನಪ್ಪನ ಮಗ ಸಿದ್ದರಾಮೇಶ ಫೋನು ಮಾಡಿದ. ಅಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸ ಅವನಿಗೆ. ಹೇಗೂ ಅಪ್ಪನ ಹೆಸರಿಗೆ ಬಂದಿದೆಯಲ್ಲ, ತನಗೂ ತಂಗಿಗೂ ಅರ್ಧರ್ಧ ಆಗಲಿ ಎಂಬುದು ಅವನ ಮಾತು.

ನಾಟಿಯ ತಂಡದಲ್ಲಿ ಗಿರಿಯಮ್ಮನದೊಂದು ರೂಢಿ ಇದೆ. ಪಾಲು ಸರಿಯಿಲ್ಲ ಎಂದು ಗೊಣಗಿದವಳ ಕೈಗೇ ಮರುದಿನ ಎಲ್ಲರೆದುರು ಕೂಲಿ ಹಂಚಲು ಕೊಡುತ್ತಾಳೆ. ಜಗಳ ಆಡುವುದಿಲ್ಲ. ಈಗಲೂ ಆಡಲಿಲ್ಲ. "ಹಂಗಾರ ನೀನ ಬಂದು ಸಾಕ್ಷಿ ಹಾಕು ಸಿದ್ದ. ಪತ್ರ ಓದು. ಸರಿ ಇಲ್ಲಂದ್ರ ಅಲ್ಲೇ, ನಿಮ್ಮಪ್ಪನ ಮುಂದ ಹೇಳು" ಎಂದಳು.

ಖಾತೆ ಬದಲಾದ ಮೇಲೆ ಸಿದ್ದರಾಮೇಶ ಬಂದ. ಮೈಲಾರಲಿಂಗಪ್ಪನವರ ಬೆಂಚಿನ ಮೇಲೆ ಕೂತು ಪತ್ರವನ್ನು ಎರಡು ಸಲ ಓದಿದ. ಪೂರ್ತಿ ಸೈಟು ಆಕೆಗೇನಾ ಎಂದು ತಂದೆಯನ್ನು ಕೇಳಿದ.

ಗ್ಯಾನಪ್ಪ ಮಾತು ಕಡಿಮೆಯ ಮನುಷ್ಯ. ಟವೆಲ್ಲು ಹೆಗಲಿಂದ ತೆಗೆದು ಮಡಿಚಿಕೊಳ್ಳುತ್ತ ಹೇಳಿದ: "ಇಪ್ಪತ್ತಾರು ವರ್ಷದಾಗ ಆಕಿಗೆ ಒಂದು ಫ್ರಾಕು ಕೊಡಸಿಲ್ಲಲೇ ನಾ. ನೀ ಅರ್ಧಾ ಅನ್ನೋದು ಯಾವುದ್ರಾಗಿನ ಅರ್ಧಾ?"

ಸಿದ್ದರಾಮೇಶ ತಂಗಿಯ ಕಡೆ ನೋಡಲಿಲ್ಲ. ಪೆನ್ನು ಕೇಳಿ ಇಸಿದುಕೊಂಡು ಸಹಿ ಹಾಕಿದ.

ನೋಂದಣಿ ಕಚೇರಿಯ ಒಳಗೆ ಅಧಿಕಾರಿ, ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೀರಾ ಎಂದು ರೂಢಿಯಂತೆ ಕೇಳಿದರು. ಗ್ಯಾನಪ್ಪ ಹೌದೆಂದ. ಹೊರಬಂದು ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮಗಳಿಗೆ ಕೊಟ್ಟ. "ನಲವತ್ತು ದಿನ ನಿನ್ನ ಜಾಗಾ ಜ್ವಾಕಿ ಮಾಡೀನವ್ವ. ಇನ್ನ ನಿದ್ದಿ ಬರ್ತೈತಿ" ಎಂದ.

ಈ ಎರಡನೆಯ ಪತ್ರದಲ್ಲಿ ಗಿರಿಯಮ್ಮ ಕೊಡುವವಳೂ ಅಲ್ಲ, ಪಡೆಯುವವಳೂ ಅಲ್ಲ. ಹಾಗಾಗಿ ಅವಳನ್ನು ಒಳಗೆ ಯಾರೂ ಕರೆದಿರಲಿಲ್ಲ. ಹೊರಗಿನ ಬೇವಿನ ಕೆಳಗೆ ಮೊಮ್ಮಗಳನ್ನು ತಟ್ಟಿ ಮಲಗಿಸುತ್ತಿದ್ದಳು. ನಾಗವೇಣಿ ಬಂದು ಕಣ್ಣೊರೆಸಿಕೊಂಡರೂ ಗಿರಿಯಮ್ಮ ಅದನ್ನು ಕಂಡಂತೆ ತೋರಿಸಿಕೊಳ್ಳಲಿಲ್ಲ.

"ಅಳೋದು ಆಮ್ಯಾಲ. ಹೆಸರು ಸರಿ ಬಂದೈತೇನು, ಮೊದಲ ಓದಿ ನೋಡು."